ಪೌರಕಾರ್ಮಿಕರ ವಿಮೆ ಮುಂದಿನ ಸಭೆಗೆ, ಪ್ರವಾಸೋದ್ಯಮದ ಜಾಹೀರಾತು ಈ ಸಭೆಗೇ: ಆಕ್ಷೇಪಣೆ ಬರೆಯುವುದು ಹೇಗೆ?

ಜೆರಾಕ್ಸ್_ಅಂಗಡಿ · ಭಾನುವಾರ, ರಾತ್ರಿ 9:12

ನಮ್ಮದು ಮಲೆನಾಡಿನ ಒಂದು ನಗರಸಭೆ. ಊರಿನ ಹೆಸರು ಬೇಡ. ಬಸ್ ನಿಲ್ದಾಣದ ಎದುರು ನನ್ನ ಜೆರಾಕ್ಸ್ ಅಂಗಡಿ ಇದೆ. ನಿನ್ನೆ ಸದಸ್ಯರೊಬ್ಬರು ಸಾಮಾನ್ಯ ಸಭೆಯ ವಿಷಯ ಸೂಚಿಯ ಪ್ರತಿ ಮಾಡಿಸಲು ಬಂದಿದ್ದರು. ಅವರನ್ನು ಕೇಳಿಯೇ ನಾನೂ ಒಂದು ಪ್ರತಿ ಇಟ್ಟುಕೊಂಡೆ.

ವಿಷಯ ಸಂಖ್ಯೆ 7: ಪೌರಕಾರ್ಮಿಕರು, ಲೋಡರ್‌ಗಳು ಮತ್ತು ಆಟೊ ಟಿಪ್ಪರ್ ಚಾಲಕರಿಗೆ ವಿಮಾ ರಕ್ಷಣೆ ಒದಗಿಸುವ ಬಗ್ಗೆ. ಅದರ ಪಕ್ಕದಲ್ಲಿ ಯಾರೋ ಪೆನ್ಸಿಲಿನಲ್ಲಿ "ಮುಂದಿನ ಸಭೆಗೆ" ಎಂದು ಬರೆದಿದ್ದಾರೆ. ಸಭೆ ಇನ್ನೂ ನಡೆದೇ ಇಲ್ಲ! ಹಿಂದಿನ ಎರಡು ಸಭೆಗಳಲ್ಲೂ ಈ ವಿಷಯ ಹೀಗೆಯೇ ಮುಂದಕ್ಕೆ ಹೋಗಿತ್ತು.

ವಿಷಯ ಸಂಖ್ಯೆ 11: ಪ್ರವಾಸೋದ್ಯಮದ ಪ್ರಚಾರಕ್ಕೆ ನಗರಸಭಾ ನಿಧಿಯಿಂದ 25 ಲಕ್ಷ ರೂಪಾಯಿ. ಬೆಂಗಳೂರಿನಲ್ಲಿ ಹೋರ್ಡಿಂಗ್, ಪತ್ರಿಕೆಯಲ್ಲಿ ಜಾಹೀರಾತು, ಒಂದೂವರೆ ನಿಮಿಷದ ವಿಡಿಯೊ. ಪ್ರಚಾರದ ಮುಖ್ಯ ಮಾತು "ಸ್ವಚ್ಛ ಊರು, ತಂಪು ಊರು".

ಸ್ವಚ್ಛ ಮಾಡುವವರ ವಿಷಯವನ್ನು ಮುಂದೂಡಿ, ಸ್ವಚ್ಛತೆಯ ಜಾಹೀರಾತಿಗೆ ಒಪ್ಪಿಗೆ ಕೊಡುತ್ತಾರೆ. ನನಗೆ ಇದು ಸಹಿಸಲಾಗುತ್ತಿಲ್ಲ. ಗುರುವಾರ ಸಭೆ. ಅದಕ್ಕೆ ಮೊದಲು ಲಿಖಿತ ಆಕ್ಷೇಪಣೆ ಕೊಡಬೇಕು. ಗೊತ್ತಿರುವವರು ಹೇಳಿ, ಅದರಲ್ಲಿ ಏನು ಬರೆಯಬೇಕು?

ವಾರ್ಡ್_14 · 9:20

ಬರೆದು ಪ್ರಯೋಜನವಿಲ್ಲ. ಠರಾವು ಮೊದಲೇ ಸಿದ್ಧವಾಗಿರುತ್ತದೆ.

ಹೆಬ್ಬಲಸು · 9:24

@ವಾರ್ಡ್_14 ಈ ಮಾತು ಕೇಳಿ ಕೇಳಿ ಸಾಕಾಗಿದೆ. ಯಾರೂ ಬರೆಯದ ಕಾರಣಕ್ಕೇ ಮೊದಲೇ ಸಿದ್ಧವಾಗಿರುತ್ತದೆ. ಜೆರಾಕ್ಸ್ ಅಣ್ಣ, ನೀವು ಬರೆಯಿರಿ. ನಾನೂ ಸಹಿ ಹಾಕುತ್ತೇನೆ.

ಕಾಫಿಹೂವು · 9:41

ನಾನು ಇನ್ನೊಂದು ಕಡೆಯ ಮಾತು ಹೇಳುತ್ತೇನೆ, ಸಿಟ್ಟಾಗಬೇಡಿ. ನನ್ನದು ನಾಲ್ಕು ಕೋಣೆಗಳ ಹೋಮ್‌ಸ್ಟೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರದ ದಿನಗಳಲ್ಲಿ ಒಂದು ಕೋಣೆ ತುಂಬಿದರೆ ಪುಣ್ಯ. ಅಡುಗೆಗೆ ಬರುವ ಇಬ್ಬರು ಹೆಂಗಸರಿಗೆ ಆಗಲೂ ಸಂಬಳ ಕೊಡಲೇಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ನಮ್ಮ ಊರಿನಲ್ಲಿ ಒಂದು ಕಲ್ಲೂ ಉರುಳಿರಲಿಲ್ಲ. ಆದರೂ ದಸರಾ ರಜೆಯವರೆಗಿನ ಬುಕಿಂಗ್ ಎಲ್ಲ ರದ್ದಾಯಿತು. "ಆ ಕಡೆ ಎಲ್ಲ ಅಪಾಯವಂತೆ" ಎಂದು ಫೋನಿನಲ್ಲಿ ಹೇಳಿದವರಿಗೆ ನಾನೊಬ್ಬಳೇ ಎಷ್ಟು ಉತ್ತರ ಕೊಡಲಿ? ಅಂಥ ಸಮಯದಲ್ಲಿ ಊರಿನ ಪರವಾಗಿ ಯಾರಾದರೂ ಮಾತನಾಡಬೇಕು. ಜಾಹೀರಾತು ಎಂದರೆ ಅದೇ. ಅದನ್ನು ಪೂರ್ತಿ ದಂಡ ಎನ್ನಬೇಡಿ.

ಪೌರಕಾರ್ಮಿಕರಿಗೆ ವಿಮೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡನ್ನೂ ಎದುರುಬದುರು ನಿಲ್ಲಿಸುವುದು ಏಕೆ?

ಜೆರಾಕ್ಸ್_ಅಂಗಡಿ · 9:50

ಅಕ್ಕ, ಎದುರುಬದುರು ನಿಲ್ಲಿಸಿದ್ದು ನಾನಲ್ಲ. ಎರಡಕ್ಕೂ ಹಣ ಹೋಗುವುದು ಒಂದೇ ಪೆಟ್ಟಿಗೆಯಿಂದ.

ನೀಲಗಿರಿ_ಟ್ಯಾಕ್ಸಿ · 9:58

ತಿಂಗಳಿಗೆ ನಾಲ್ಕು ಬಾರಿ ಊಟಿಗೆ ಬಾಡಿಗೆ ಹೋಗುತ್ತೇನೆ. ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ 7ರಿಂದ ಊಟಿಗೂ ಕೊಡೈಕೆನಾಲ್‌ಗೂ ಇ-ಪಾಸ್ ಬೇಕು. ಜನ ಬರಲಿ ಎಂದು ವರ್ಷಗಟ್ಟಲೆ ಕರೆದ ಊರುಗಳಿಗೆ ಈಗ ಬರುವವರನ್ನು ಎಣಿಸುವ ಗತಿ ಬಂದಿದೆ. ನಮ್ಮ ಊರಿನಲ್ಲಿ ಶನಿವಾರ ಸಂಜೆ ಗಡಿಯಾರ ಗೋಪುರದಿಂದ ಬಸ್ ನಿಲ್ದಾಣಕ್ಕೆ ಬರಲು 40 ನಿಮಿಷ ಬೇಕು. ಇನ್ನೂ ಯಾರನ್ನು ಕರೆಯುತ್ತೀರಿ?

ಕಾಫಿಹೂವು · 10:03

ಶನಿವಾರದವರನ್ನಲ್ಲ ಅಣ್ಣ, ಮಂಗಳವಾರದವರನ್ನು. ಜಾಹೀರಾತನ್ನು ಸರಿಯಾಗಿ ಮಾಡಿದರೆ ಆ ವ್ಯತ್ಯಾಸ ತರಬಹುದು.

ವಾರ್ಡ್_14 · 10:05

ಹೋರ್ಡಿಂಗ್ ನೋಡಿ ಮಂಗಳವಾರ ರಜೆ ಹಾಕಿ ಬರುವವರು ಯಾರು?

ನಿವೃತ್ತ_ಗುಮಾಸ್ತ · 10:37

ಮೂವತ್ತೊಂದು ವರ್ಷ ಬೇರೆ ಬೇರೆ ನಗರಸಭೆಗಳ ಲೆಕ್ಕ ಶಾಖೆಯಲ್ಲಿ ಕೆಲಸ ಮಾಡಿದವನು ನಾನು. ಹಣದ ದಾರಿ ತಿಳಿಯದೆ ಆಕ್ಷೇಪಣೆ ಬರೆದರೆ ಅದನ್ನು ಕಡತದ ಕೊನೆಯ ಹಾಳೆಯಾಗಿ ಸೇರಿಸಿ ಮುಚ್ಚುತ್ತಾರೆ. ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಗರಸಭೆಗೆ ಬರುವ ಹಣವೆಲ್ಲ ಇಷ್ಟ ಬಂದಂತೆ ಖರ್ಚು ಮಾಡುವುದಲ್ಲ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನಮ್ಮಂಥ ಊರುಗಳಿಗೆ ಬಂದ ಹಣದ ಶೇ 60ರಷ್ಟು ಕುಡಿಯುವ ನೀರು, ನೈರ್ಮಲ್ಯಕ್ಕೆಂದೇ ಕಟ್ಟಿಟ್ಟದ್ದು. ಇನ್ನು ಸ್ವಂತ ನಿಧಿ. ಆಸ್ತಿ ತೆರಿಗೆ, ಮಳಿಗೆ ಬಾಡಿಗೆ, ವ್ಯಾಪಾರ ಪರವಾನಗಿ ಶುಲ್ಕ, ನೀರಿನ ಕಂದಾಯ ಅದಕ್ಕೆ ಸೇರುತ್ತವೆ. ಅದರಲ್ಲೂ ಶೇ 24.10 ಪರಿಶಿಷ್ಟರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲು. ಉಳಿದದ್ದರಲ್ಲಿ ಬೀದಿದೀಪ, ಡೀಸೆಲ್, ಮೋಟಾರ್ ರಿಪೇರಿ. ನಗರಸಭಾ ನಿಧಿಯಿಂದ 25 ಲಕ್ಷ ಎಂದರೆ ಹೀಗೆ ಎಲ್ಲ ಕಳೆದು ಉಳಿದ ಆ ಸಣ್ಣ ಗಂಟಿನಿಂದ ಎಂದು ಅರ್ಥ.

ಎರಡನೆಯದು, ಆ ಜಾಹೀರಾತಿನಿಂದ ಪ್ರವಾಸಿಗರು ಬಂದರೆ ನಗರಸಭೆಗೆ ಏನು ಸಿಗುತ್ತದೆ? ಕೋಣೆ ಬಾಡಿಗೆಯ ಮೇಲಿನ ತೆರಿಗೆ ಜಿಎಸ್‌ಟಿ. ಅದು ಕೇಂದ್ರಕ್ಕೂ ರಾಜ್ಯಕ್ಕೂ ಹೋಗುತ್ತದೆ. ಮೊದಲು ಜಾಹೀರಾತು ಫಲಕಗಳ ಮೇಲೆ ತೆರಿಗೆ ಹಾಕುತ್ತಿದ್ದೆವು, 2017ರ ಜುಲೈನಲ್ಲಿ ಅದೂ ಜಿಎಸ್‌ಟಿಯೊಳಗೆ ಹೋಯಿತು. ನಗರಸಭೆಗೆ ಉಳಿಯುವುದು ಪಾರ್ಕಿಂಗ್ ಶುಲ್ಕ ಮತ್ತು ಕಸ. ಇದನ್ನು ಆಕ್ಷೇಪಣೆಯಲ್ಲಿ ಬರೆಯಿರಿ. ಪುರಸಭೆಗಳ ಕಾಯ್ದೆ 1964ರಲ್ಲಿ ಮಾಡಲೇಬೇಕಾದ ಕಡ್ಡಾಯ ಕರ್ತವ್ಯ ಬೇರೆ, ಬೇಕೆನಿಸಿದರೆ ಮಾಡಬಹುದಾದ ವಿವೇಚನೆಯ ಕರ್ತವ್ಯ ಬೇರೆ. ಬೀದಿ ಗುಡಿಸುವುದು ಕಡ್ಡಾಯ. ಕಡ್ಡಾಯದ ಕೆಲಸ ಮಾಡುವವರಿಗೆ ರಕ್ಷಣೆ ಇಲ್ಲದಿರುವಾಗ ವಿವೇಚನೆಯ ಬಾಬ್ತಿಗೆ ಹಣ ಹೇಗೆ ಬಂತು ಎಂದು ಕೇಳಿ.

ಹೆಬ್ಬಲಸು · 10:44

ಸಾರ್, ಇಷ್ಟು ಸ್ಪಷ್ಟವಾಗಿ ನನಗೆ ಯಾರೂ ಹೇಳಿರಲಿಲ್ಲ. ಹೋಮ್‌ಸ್ಟೇಗಳು ವಾಣಿಜ್ಯ ದರದಲ್ಲಿ ಆಸ್ತಿ ತೆರಿಗೆ ಕಟ್ಟಿದರೆ ನಗರಸಭೆಗೂ ಆದಾಯವಾಗುತ್ತದಲ್ಲವೇ?

ಕಾಫಿಹೂವು · 10:46

ಮತ್ತೆ ನಮ್ಮ ತಲೆಯ ಮೇಲೆಯೇ ಬಂತು. ನಾಲ್ಕು ಕೋಣೆಯ ಮನೆಯನ್ನೂ ನಲವತ್ತು ಕೋಣೆಯ ರೆಸಾರ್ಟನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ದೂರದ_ಕನ್ನಡಿಗ · ಸೋಮವಾರ, ಬೆಳಿಗ್ಗೆ 6:15

ನಾನು ಹತ್ತು ವರ್ಷದಿಂದ ಟೆಕ್ಸಾಸ್‌ನ ಒಂದು ಸಣ್ಣ ಪಟ್ಟಣದಲ್ಲಿದ್ದೇನೆ. ಕಾಕತಾಳೀಯವೆಂದರೆ ಇಲ್ಲಿನ ನಗರ ಮಂಡಳಿಯ ಸಭೆಯಲ್ಲೂ ಇದೇ ಎರಡು ವಿಷಯ ಒಂದೇ ಸಂಜೆ ಬರುವುದನ್ನು ನೋಡಿದ್ದೇನೆ: ನೌಕರರ ಆರೋಗ್ಯ ವಿಮೆಯ ನವೀಕರಣ ಮತ್ತು ಪ್ರವಾಸಿ ಪ್ರಚಾರ. ಆದರೆ ಇಲ್ಲಿ ಅವೆರಡೂ ಜಗಳಕ್ಕೆ ಬೀಳುವುದಿಲ್ಲ. ಹೋಟೆಲ್ ಕೋಣೆ ಹಿಡಿದವರು ಬಾಡಿಗೆಯ ಮೇಲೆ ರಾಜ್ಯಕ್ಕೆ ಶೇ 6, ನಗರಕ್ಕೆ ಹೆಚ್ಚೆಂದರೆ ಶೇ 7 ತೆರಿಗೆ ಕೊಡುತ್ತಾರೆ. ನಗರದ ಆ ಪಾಲನ್ನು ಪ್ರವಾಸೋದ್ಯಮಕ್ಕೂ ಹೋಟೆಲ್ ವ್ಯವಹಾರಕ್ಕೂ ನೆರವಾಗುವಂತೆಯೇ ಖರ್ಚು ಮಾಡಬೇಕು ಎಂದು ಕಾನೂನಿದೆ. ಆ ಹಣದಲ್ಲಿ ಊರಿನ ರಸ್ತೆ ಗುಂಡಿ ಮುಚ್ಚುವಂತಿಲ್ಲ, ಪೊಲೀಸರ ಸಂಬಳ ಕೊಡುವಂತಿಲ್ಲ. ವಿಮೆಯ ಹಣ ಸಾಮಾನ್ಯ ನಿಧಿಯಿಂದ ಬರುತ್ತದೆ. ಪ್ರವಾಸಿ ಕೊಟ್ಟ ಹಣದಲ್ಲಿ ಪ್ರವಾಸಿಯನ್ನು ಕರೆಯುತ್ತಾರೆ, ಅಷ್ಟೇ.

ನಿವೃತ್ತ_ಗುಮಾಸ್ತ · 6:52

ನಮ್ಮಲ್ಲಿ ಕೊರತೆ ಇರುವುದು ಇಲ್ಲಿಯೇ. ಪ್ರವಾಸಿಯ ದುಡ್ಡು ಮೇಲೆ ಹೋಗುತ್ತದೆ, ಅವನ ಕಸ ನಮ್ಮ ವಾರ್ಡಿನಲ್ಲಿ ಉಳಿಯುತ್ತದೆ.

ಅರಮನೆ_ನಗರಿ · 7:30

ಮೈಸೂರಿನಿಂದ ಬರೆಯುತ್ತಿದ್ದೇನೆ. ದಸರಾ ಆನೆಗಳಿಗೆ ಪ್ರತಿ ವರ್ಷ ವಿಮೆ ಮಾಡಿಸುತ್ತಾರೆ, ಗೊತ್ತೇ? ಆನೆಗಳಿಗೆ ಮಾತ್ರವಲ್ಲ, ಮಾವುತರಿಗೆ, ಕಾವಾಡಿಗಳಿಗೆ, ಆನೆಯಿಂದ ಸಾರ್ವಜನಿಕರಿಗೆ ಹಾನಿಯಾದರೆ ಅದಕ್ಕೂ ಸೇರಿಸಿ. ಆನೆಗಳು ಅರಮನೆಗೆ ಬಂದ ಮೇಲೆ ಹಣ ಹುಡುಕುವುದಿಲ್ಲ, ಉತ್ಸವದ ಸಿದ್ಧತೆಯಲ್ಲೇ ಅದೂ ಒಂದು ಭಾಗ. 2024ರ ಸೆಪ್ಟೆಂಬರ್‌ನಲ್ಲಿ ರಾತ್ರಿ ಊಟದ ಹೊತ್ತಿಗೆ ಧನಂಜಯ, ಕಂಜನ್ ಎಂಬ ಎರಡು ದಸರಾ ಆನೆಗಳು ಜಗಳಕ್ಕೆ ಬಿದ್ದು ಅರಮನೆಯ ಹೊರಗೆ ರಸ್ತೆಗೇ ಓಡಿ ಬಂದವು. ಯಾರಿಗೂ ಏನೂ ಆಗಲಿಲ್ಲ. ಆದರೆ ಆಗಬಹುದಿತ್ತು. ಆಗಬಹುದಾದದ್ದಕ್ಕೇ ವಿಮೆ ಮಾಡಿಸುವುದು.

ಊರನ್ನು ನೋಡಲು ಬನ್ನಿ ಎಂದು ಕರೆಯುವುದನ್ನೂ ಆ ಊರನ್ನು ನಡೆಸುವವರಿಗೆ ರಕ್ಷಣೆ ಕೊಡುವುದನ್ನೂ ಒಂದೇ ಖರ್ಚಿನ ಎರಡು ಸಾಲು ಎಂದು ತೋರಿಸಿ. ಇದು ನನ್ನ ಸಲಹೆ.

ಹೆಬ್ಬಲಸು · 7:41

ಅರ್ಜುನನನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಎಂಟು ಬಾರಿ ಅಂಬಾರಿ ಹೊತ್ತ ಆನೆ 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಕಾಡಿನಲ್ಲಿ ಕಾಡಾನೆಯೊಂದಿಗೆ ಕಾದಾಡಿ ಸತ್ತಿತು.

ಅರಮನೆ_ನಗರಿ · 7:44

ಹೌದು. ಆ ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಮಂಜಿನೂರು · 8:10

ಆನೆಯಿಂದ ವಿಷಯಕ್ಕೆ ಬನ್ನಿ. ವಿಮೆ ಎಂದು ಇಷ್ಟು ಗಲಾಟೆ ಏಕೆ? ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆಯಲ್ಲ, ವರ್ಷಕ್ಕೆ 20 ರೂಪಾಯಿ. 150 ಜನರಿದ್ದರೂ 3,000 ರೂಪಾಯಿಗೆ ಮುಗಿಯಿತು. ಒಂದು ಬ್ಯಾನರ್ ಮುದ್ರಿಸುವ ಖರ್ಚು. ಇದನ್ನು ಮುಂದೂಡುವವರಿಗೆ ಇದೂ ಗೊತ್ತಿಲ್ಲ, ವಿರೋಧಿಸುವವರಿಗೂ ಗೊತ್ತಿಲ್ಲ.

ಬೆಳಗಿನ_ಐದು · 8:55

ಮಂಜಿನೂರು ಅವರೇ, ನನಗೆ ಗೊತ್ತಿದೆ. ನನ್ನ ಅಮ್ಮ ಇಪ್ಪತ್ತೆರಡು ವರ್ಷದಿಂದ ಪೊರಕೆ ಹಿಡಿದವರು. ಊರು ನೀವು ಊಹಿಸಿದ್ದಲ್ಲ, ಬೇರೆ ಊರು.

ಎರಡು ವರ್ಷದ ಹಿಂದೆ ಡಿಸೆಂಬರ್‌ನಲ್ಲಿ ಬೆಳಗಿನ ಐದೂವರೆಗೆ ಮಂಜು ಕವಿದಿತ್ತು. ಅಮ್ಮ ಹಾಕಿಕೊಂಡಿದ್ದ ಜಾಕೆಟ್‌ನ ಹೊಳೆಯುವ ಪಟ್ಟಿ ಒಗೆದು ಒಗೆದು ಬೂದಿ ಬಣ್ಣಕ್ಕೆ ತಿರುಗಿತ್ತು. ರಾತ್ರಿಯೆಲ್ಲ ಓಡಿಸಿಕೊಂಡು ಬಂದ ಪ್ರವಾಸಿಗರ ಕಾರು ತಿರುವಿನಲ್ಲಿ ಬಂದು ತಾಗಿತು. ಮೊಣಕಾಲಿನ ಕೆಳಗೆ ಎರಡು ಕಡೆ ಮೂಳೆ ಮುರಿಯಿತು. ಪೊರಕೆಯ ಕೋಲು ಚರಂಡಿಯ ಆಚೆ ಬಿದ್ದಿತ್ತು. ಜೊತೆಯಲ್ಲಿದ್ದ ಅಕ್ಕ ಅದನ್ನು ಎತ್ತಿಕೊಂಡು ಆಸ್ಪತ್ರೆಗೇ ಬಂದಿದ್ದರು, ಏಕೆಂದರೆ ಕಳೆದುಹೋದರೆ ಹೊಸದು ಕೇಳಬೇಕಾಗುತ್ತದೆ.

20 ರೂಪಾಯಿಯ ವಿಮೆ ಅಮ್ಮನಿಗೂ ಇತ್ತು. ಅಪಘಾತದಲ್ಲಿ ಸತ್ತರೆ ಅಥವಾ ಪೂರ್ತಿ ಅಂಗ ಊನವಾದರೆ 2 ಲಕ್ಷ, ಭಾಗಶಃ ಶಾಶ್ವತವಾಗಿ ಊನವಾದರೆ 1 ಲಕ್ಷ. ಕಾಲು ಮುರಿದು ಕೂಡಿಕೊಂಡರೆ ಏನೂ ಇಲ್ಲ. ಆಸ್ಪತ್ರೆ ಖರ್ಚಿಗೆ ಒಂದು ರೂಪಾಯಿ ಇಲ್ಲ. ಹನ್ನೊಂದು ವಾರ ಪ್ಲಾಸ್ಟರ್‌ನಲ್ಲಿ ಮಲಗಿದ್ದರು, ಸಂಬಳ ಬರಲಿಲ್ಲ.

ಇನ್ನೊಂದು ಮಾತು. ಆ ವಿಮೆ ಜೂನ್ 1ರಿಂದ ಮೇ 31ರವರೆಗೆ. ಹೊಸ ವರ್ಷದ ಹಣ ಬ್ಯಾಂಕಿನ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ. ಖಾತೆಯಲ್ಲಿ ಹಣವಿಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ. ಮೂರು ತಿಂಗಳು ಕೂಲಿ ಬಾಕಿ ಇಟ್ಟರೆ ಮೇ ಕೊನೆಯಲ್ಲಿ ಯಾರ ಖಾತೆಯಲ್ಲಿ ಏನಿರುತ್ತದೆ? ಅಮ್ಮನ ಜೊತೆಯ ಒಬ್ಬರಿಗೆ ಹಾಗೆಯೇ ಆಯಿತು. ಆರು ತಿಂಗಳ ನಂತರ ಬ್ಯಾಂಕಿಗೆ ಹೋದಾಗಲೇ ಅವರಿಗೆ ಗೊತ್ತಾಗಿದ್ದು.

ಮಂಜಿನೂರು · 9:20

ಅಕ್ಕ, ತಪ್ಪಾಯಿತು. ಆಸ್ಪತ್ರೆ ಖರ್ಚು ಅದರಲ್ಲಿ ಬರುವುದಿಲ್ಲ ಎಂಬುದು ನಿಜವಾಗಿಯೂ ನನ್ನ ಗಮನಕ್ಕೆ ಬಂದಿರಲಿಲ್ಲ. ಅಮ್ಮ ಈಗ ಹೇಗಿದ್ದಾರೆ?

ಬೆಳಗಿನ_ಐದು · 9:31

ಕೆಲಸಕ್ಕೆ ಹೋಗುತ್ತಿದ್ದಾರೆ. ಚಳಿಯಲ್ಲಿ ಕಾಲು ಎಳೆಯುತ್ತದೆ.

ಕಾಫಿಹೂವು · 9:40

ಓದಿ ಕಣ್ಣು ತುಂಬಿತು ತಂಗಿ. ನನ್ನ ಅತಿಥಿಗಳೂ ರಾತ್ರಿ ಹೊರಟು ಬೆಳಗಿನ ಜಾವಕ್ಕೆ ಬರುತ್ತಾರೆ. ಇನ್ನು ಮೇಲೆ ಬುಕಿಂಗ್ ಖಚಿತಪಡಿಸುವ ಸಂದೇಶದಲ್ಲೇ "ಊರೊಳಗೆ ನಿಧಾನ, ಬೆಳಗಿನ ಹೊತ್ತು ರಸ್ತೆಯಲ್ಲಿ ಕೆಲಸ ಮಾಡುವವರಿದ್ದಾರೆ" ಎಂದು ಬರೆಯುತ್ತೇನೆ.

ಕಾನೂನು_ಓದುಗ · 11:05

ವಿಷಯ 7ರಲ್ಲಿ "ವಿಮಾ ರಕ್ಷಣೆ" ಎಂದಷ್ಟೇ ಇದೆ. ಅಪಾಯ ಇರುವುದು ಅಲ್ಲಿ. ನೀವು ಗಲಾಟೆ ಮಾಡಿದರೆ ಗುರುವಾರ 20 ರೂಪಾಯಿಯ ವಿಮೆಗೆ ಒಪ್ಪಿಗೆ ಕೊಟ್ಟು, ಫೋಟೊ ತೆಗೆಸಿಕೊಂಡು ಮುಗಿಸುತ್ತಾರೆ. ಆದ್ದರಿಂದ ಏನು ಬೇಕು ಎಂದು ಬಿಡಿಸಿ ಕೇಳಿ.

ತಿಂಗಳಿಗೆ 21,000 ರೂಪಾಯಿವರೆಗಿನ ಕೂಲಿಯವರಿಗೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ ಇದೆ. ಕಾರ್ಮಿಕರ ಪಾಲು ಶೇ 0.75, ಮಾಲೀಕರ ಪಾಲು ಶೇ 3.25. 16,000 ಕೂಲಿ ಎಂದರೆ ಕಾರ್ಮಿಕರಿಂದ 120, ಮಾಲೀಕರಿಂದ 520 ರೂಪಾಯಿ. ಇದರಲ್ಲಿ ಕುಟುಂಬಕ್ಕೆ ಚಿಕಿತ್ಸೆ ಇದೆ. ಕೆಲಸದ ಮೇಲಿದ್ದಾಗ ಪೆಟ್ಟಾಗಿ ಮಲಗಿದರೆ ಕೂಲಿಯ ಶೇ 90ರಷ್ಟು ಸಿಗುತ್ತದೆ. ಆ ತಂಗಿಯ ಅಮ್ಮನಿಗೆ ಹನ್ನೊಂದು ವಾರ ಬೇಕಾಗಿದ್ದದ್ದು ಇದೇ. ಗುತ್ತಿಗೆದಾರ ಕಟ್ಟಲಿಲ್ಲ ಎಂದು ನಗರಸಭೆ ಕೈ ತೊಳೆದುಕೊಳ್ಳುವಂತಿಲ್ಲ. ಗುತ್ತಿಗೆದಾರನ ಕೆಲಸಗಾರರ ಪಾಲನ್ನು ಮೊದಲು ಪ್ರಧಾನ ಮಾಲೀಕರು (ಇಲ್ಲಿ ನಗರಸಭೆ) ಕಟ್ಟಿ, ಆಮೇಲೆ ಅವನ ಬಿಲ್ಲಿನಿಂದ ಹಿಡಿದುಕೊಳ್ಳಬೇಕು ಎಂಬುದು ಇಎಸ್‌ಐ ಕಾನೂನಿನ ಮೂಲ ವ್ಯವಸ್ಥೆ.

ಯುಜಿಡಿ, ಅಂದರೆ ಒಳಚರಂಡಿ ಕೆಲಸದವರ ವಿಷಯವನ್ನೂ ಸೇರಿಸಿ. ಮ್ಯಾನ್‌ಹೋಲ್‌ಗೆ ಇಳಿದು ಸತ್ತವರ ಕುಟುಂಬಕ್ಕೆ 30 ಲಕ್ಷ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 20ರಂದು ಹೇಳಿದೆ. ಮೊದಲು ಅದು 10 ಲಕ್ಷವಿತ್ತು. ಯಾರನ್ನೂ ಇಳಿಸಲೇಬಾರದು, ಅದು ಮೊದಲ ಮಾತು. ಆದರೆ ಒಂದು ಸಾವಿನ ಪರಿಹಾರ ಈ ಇಡೀ ಜಾಹೀರಾತಿನ ಹಣಕ್ಕಿಂತ ಹೆಚ್ಚು ಎಂಬುದು ಸದಸ್ಯರಿಗೆ ತಿಳಿದಿರಲಿ.

ವಾರ್ಡ್_14 · 11:30

ಆಟೊ ಟಿಪ್ಪರ್‌ಗಳ ಕಥೆ ಏನು? ಸರ್ಕಾರಿ ವಾಹನಕ್ಕೆ ವಿಮೆ ಬೇಕಾಗಿಲ್ಲ ಎಂದು ಚಾಲಕರೊಬ್ಬರು ಹೇಳುತ್ತಿದ್ದರು.

ನಿವೃತ್ತ_ಗುಮಾಸ್ತ · 11:48

ತಪ್ಪು. ಈ ತಪ್ಪು ತಿಳಿವಳಿಕೆಯಿಂದ ಎಷ್ಟೋ ಚಾಲಕರು ಕೋರ್ಟಿಗೆ ಅಲೆದಿದ್ದಾರೆ. ಸ್ಥಳೀಯ ಸಂಸ್ಥೆಯ ವಾಹನಕ್ಕೆ ವಿನಾಯಿತಿ ಬೇಕಾದರೆ ಪರಿಹಾರಕ್ಕೆಂದೇ ಪ್ರತ್ಯೇಕ ನಿಧಿ ಇಟ್ಟಿರಬೇಕು, ಸರ್ಕಾರದ ಆದೇಶವೂ ಇರಬೇಕು. ಅದಿಲ್ಲದಿದ್ದರೆ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯ. ಕರ್ನಾಟಕ ಸರ್ಕಾರಿ ವಿಮಾ ಇಲಾಖೆಗೆ ಮೋಟಾರು ಶಾಖೆಯೇ ಇದೆ. ನಾನಿದ್ದಾಗ ಪ್ರತಿ ಏಪ್ರಿಲ್‌ನಲ್ಲಿ ವಾಹನಗಳ ಪಟ್ಟಿ ಮಾಡಿ, ಯಾವುದರ ಪಾಲಿಸಿ ಯಾವ ತಿಂಗಳು ಮುಗಿಯುತ್ತದೆ ಎಂದು ಗೋಡೆಗೆ ಅಂಟಿಸುತ್ತಿದ್ದೆ. ನಿಮ್ಮಲ್ಲಿ ಆ ಪಟ್ಟಿ ಕೇಳಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಗೆ ಸಿಗುತ್ತದೆ. ಚಾಲಕರ ಪರವಾನಗಿಯ ಪ್ರತಿಗಳನ್ನೂ ಕೇಳಿ.

ಹೆಬ್ಬಲಸು · 12:20

ನನ್ನದೊಂದು ತಕರಾರು ಬೇರೆ ಇದೆ. ಆ ವಿಡಿಯೊದಲ್ಲಿ ನಮ್ಮ ಊರನ್ನು "ಕರ್ನಾಟಕದ ಸ್ವಿಟ್ಜರ್ಲೆಂಡ್" ಎಂದು ಕರೆಯುತ್ತಾರಂತೆ. ಕೊಡಗನ್ನು ಕಾಶ್ಮೀರ ಎಂದರು, ಸ್ಕಾಟ್ಲೆಂಡ್ ಎಂದರು. ನಮ್ಮ ಗುಡ್ಡಕ್ಕೆ, ನಮ್ಮ ಹಳ್ಳಕ್ಕೆ ನಮ್ಮದೇ ಹೆಸರಿಲ್ಲವೇ? ಇನ್ನೊಂದು ಊರಿನ ಹೆಸರು ಹೇಳಿ ಕರೆದರೆ ಬರುವವರು ಇನ್ನೊಂದು ಊರನ್ನೇ ಹುಡುಕುತ್ತಾರೆ.

ದೂರದ_ಕನ್ನಡಿಗ · 12:33

ನೂರಕ್ಕೆ ನೂರು ಒಪ್ಪುತ್ತೇನೆ.

ನೀಲಗಿರಿ_ಟ್ಯಾಕ್ಸಿ · 12:40

ಬಂದವರು ಮೊದಲು ಕೇಳುವುದು ಶೌಚಾಲಯ ಎಲ್ಲಿ ಎಂದು. ನಿಲ್ದಾಣದಲ್ಲಿ ಇರುವುದು ಒಂದೇ, ಅದಕ್ಕೂ ಮಧ್ಯಾಹ್ನ ನೀರಿರುವುದಿಲ್ಲ. ಹೆಂಗಸರನ್ನು ಕರೆದುಕೊಂಡು ಬಂದಾಗ ಹೋಟೆಲಿನವರ ಬಳಿ ನಾನು ಕೈಮುಗಿದು ಕೇಳುತ್ತೇನೆ. 25 ಲಕ್ಷದಲ್ಲಿ ಮೊದಲು ಅದನ್ನು ಮಾಡಲಿ. ಹೋದವರು ಊರಿಗೆ ಮರಳಿ ನಾಲ್ಕು ಜನಕ್ಕೆ ಒಳ್ಳೆಯ ಮಾತು ಹೇಳಿದರೆ ಅದಕ್ಕಿಂತ ಜಾಹೀರಾತು ಬೇಕೇ?

ಕಾಫಿಹೂವು · 1:15

ಸರಿ, ನಾನು ಒಂದು ಹೆಜ್ಜೆ ಮುಂದೆ ಬರುತ್ತೇನೆ. ಹೋರ್ಡಿಂಗ್ ಬೇಡ. ಮಳೆಗಾಲಕ್ಕೆಂದು ಸಣ್ಣ ಮೊತ್ತದ ಪ್ರಚಾರ ಇರಲಿ, ಉಳಿದದ್ದು ಶೌಚಾಲಯಕ್ಕೂ ಕಾರ್ಮಿಕರಿಗೂ ಹೋಗಲಿ. ನಮ್ಮ ಹೋಮ್‌ಸ್ಟೇ ಗುಂಪಿನಲ್ಲಿ ಸಂಜೆ ಮಾತನಾಡುತ್ತೇನೆ. ಜಾಹೀರಾತಿನ ಫಲ ಉಣ್ಣುವವರು ನಾವೇ ಎಂದಾದ ಮೇಲೆ ಅದಕ್ಕೆ ನಾವೂ ಸ್ವಲ್ಪ ಹಾಕೋಣ ಎಂದು ಕೇಳಿ ನೋಡುತ್ತೇನೆ. ಎಲ್ಲರೂ ಒಪ್ಪುತ್ತಾರೆಂದು ಹೇಳಲಾರೆ. ಆದರೆ ವಿಷಯ 7 ಮೊದಲು, 11 ಆಮೇಲೆ ಎಂಬ ಪತ್ರಕ್ಕೆ ನನ್ನ ಸಹಿ ಇದೆ.

ಮಂಜಿನೂರು · 1:22

ನನ್ನದೂ.

ವಾರ್ಡ್_14 · 1:40

ಪತ್ರ ಅಧ್ಯಕ್ಷರಿಗೋ ಪೌರಾಯುಕ್ತರಿಗೋ?

ನಿವೃತ್ತ_ಗುಮಾಸ್ತ · 2:05

ಇಬ್ಬರಿಗೂ, ಜಿಲ್ಲಾಧಿಕಾರಿಗಳಿಗೆ ಒಂದು ಪ್ರತಿ. ಟಪಾಲು ಶಾಖೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಹಾಗೂ ದಿನಾಂಕದ ಸ್ವೀಕೃತಿ ಪಡೆಯಿರಿ. ಸ್ವೀಕೃತಿ ಇಲ್ಲದ ಪತ್ರ ಕೊಟ್ಟಿಲ್ಲದ ಪತ್ರದಂತೆಯೇ. ಭಾಷೆ ಮೃದುವಾಗಿರಲಿ, ಬೇಡಿಕೆ ಗಟ್ಟಿಯಾಗಿರಲಿ.

ಜೆರಾಕ್ಸ್_ಅಂಗಡಿ · ಮಂಗಳವಾರ, ಸಂಜೆ 6:48

ಕೊಟ್ಟು ಬಂದೆ. ಒಂದೂವರೆ ಪುಟ. ವಿಷಯ 7ನ್ನು ಮೊದಲು ತೆಗೆದುಕೊಂಡು ಗುರುವಾರವೇ ನಿರ್ಣಯಿಸಬೇಕು. ಹೊರಗುತ್ತಿಗೆಯವರಿಗೂ ಸೇರಿಸಿ ಇಎಸ್‌ಐ ಕಟ್ಟಿದ ದಾಖಲೆಯನ್ನು ಸಭೆಯ ಮುಂದಿಡಬೇಕು. ಕೂಲಿ ಪ್ರತಿ ತಿಂಗಳು ಕೈಸೇರಬೇಕು. ಅದಾಗುವವರೆಗೆ ವಿಷಯ 11ಕ್ಕೆ ಹಣ ಬಿಡುಗಡೆ ಬೇಡ. ಹೊಳೆಯುವ ಪಟ್ಟಿಯ ಹೊಸ ಜಾಕೆಟ್ ಬೇಕೆಂದೂ ಸೇರಿಸಿದೆ. ಬೆಳಗಿನ ಐದು ತಂಗಿ, ಅದು ನಿಮ್ಮ ಅಮ್ಮನಿಗಾಗಿ ಬರೆದ ಸಾಲು.

41 ಸಹಿ ಆಗಿದೆ. ಅದರಲ್ಲಿ 9 ಹೋಮ್‌ಸ್ಟೇಯವರದ್ದು. ಟಪಾಲು ಶಾಖೆಯವರು ಮೊದಲ ಪುಟ ಓದಿ, ಮೊಹರು ಒತ್ತುವಾಗ ನಿಧಾನವಾಗಿ "ಒಳ್ಳೆಯದು ಮಾಡಿದಿರಿ" ಎಂದರು.

ಸಾರ್ವಜನಿಕರು ಸಭೆಯಲ್ಲಿ ಮಾತನಾಡುವಂತಿಲ್ಲ, ಗೊತ್ತು. ಆದರೆ ಕುಳಿತು ಕೇಳಬಹುದು. ಗುರುವಾರ 11 ಗಂಟೆಗೆ ಯಾರು ಬರುತ್ತೀರಿ?

ಹೆಬ್ಬಲಸು · 6:55

ನಾನು ಬರುತ್ತೇನೆ.

ನೀಲಗಿರಿ_ಟ್ಯಾಕ್ಸಿ · 7:02

ಗುರುವಾರ ಬಾಡಿಗೆ ಇದೆ, ಮಧ್ಯಾಹ್ನದ ಮೇಲೆ ಹೊರಡುತ್ತೇನೆಂದು ಹೇಳಿದ್ದೇನೆ. ಬರುತ್ತೇನೆ.

ವಾರ್ಡ್_14 · 7:30

ನಾನೂ ಬರುತ್ತೇನೆ. ಹತ್ತೂವರೆಗೆ ಗೇಟಿನ ಬಳಿ ಇರುತ್ತೇನೆ, ಆ ಪತ್ರದ ಸ್ವೀಕೃತಿ ಪ್ರತಿಯನ್ನು ಎಲ್ಲರಿಗೂ ಒಂದೊಂದು ಜೆರಾಕ್ಸ್ ಮಾಡಿ ತನ್ನಿ.